ಕುರಿ ಮೇಯುವ ರನ್‌ವೇ

ನಾನು ಕಾರು ಓಡಿಸಲು ಕಲಿತದ್ದು ರನ್‌ವೇ ಮೇಲೆ. ಹೇಳಿದರೆ ಯಾರೂ ನಂಬುವುದಿಲ್ಲ. ಮೈಸೂರಿನಲ್ಲಿ ಸ್ಕೂಟರಿನಲ್ಲಿ ಎಂಟು ಹಾಕಿ ಲೈಸೆನ್ಸ್ ತೆಗೆದುಕೊಂಡವಳು ನಾನು. ದೂರದೇಶದ ಕ್ಯಾಂಟರ್ಬರಿಯ ಈ ಬಯಲಿನಲ್ಲಿ ಆ ವಿದ್ಯೆ ಯಾವ ಕೆಲಸಕ್ಕೂ ಬರಲಿಲ್ಲ. ಮನೆಮನೆಗೆ ಹೋಗಿ ಹಿರಿಯರ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ನರ್ಸ್ ಕೆಲಸ ಸಿಕ್ಕಿತ್ತು, ಆದರೆ ಕಾರು ಓಡಿಸಲು ಬರಲೇಬೇಕು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯ ಸಲವೂ ಹಾಗೇ ಆದರೆ ಕೈಗೆ ಬಂದ ತುತ್ತು ಬಾಯಿಗಿಲ್ಲ.

ಪ್ರತಿ ತಿರುವಿನಲ್ಲೂ ಪಕ್ಕದವರ ಮುಖ ನೋಡುತ್ತಾಳೆ ಎಂದು ಪರೀಕ್ಷಕಿ ಬರೆದಿದ್ದಳು. ನೋಡದೆ ಏನು ಮಾಡಲಿ? ಪಕ್ಕದಲ್ಲಿ ಕೂತು ಕಲಿಸಿದ್ದು ನನ್ನ ಗಂಡ. ತಮ್ಮ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಾ, ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಲೇ ಇರುತ್ತಿದ್ದರು.

ಊರಾಚೆ ಯುದ್ಧಕಾಲದ ಹಳೆಯ ಏರ್‌ಫೀಲ್ಡ್ ಇದೆ, ಈಗ ಒಬ್ಬ ರೈತರ ಕುರಿ ಮೇಯುವ ಜಾಗ. ಅವರ ಒಪ್ಪಿಗೆ ಕೇಳಿ ಅಲ್ಲಿಗೆ ಹೋದೆವು. ಬಿರುಕುಬಿಟ್ಟ ಟಾರು, ಬಿರುಕಿನಲ್ಲೆಲ್ಲ ಹುಲ್ಲು. ಗಂಡ ಮೊದಲು ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟರು. ನಾನು ಅವನ್ನು ಅಪ್ಪಚ್ಚಿ ಮಾಡಿಕೊಂಡು ಮುಂದೆ ಹೋದೆ. ದೂರದಲ್ಲಿ ತಮ್ಮ ಯೂಟ್, ಅಂದರೆ ಪಿಕಪ್ ಗಾಡಿ, ನಿಲ್ಲಿಸಿಕೊಂಡು ನೋಡುತ್ತಿದ್ದ ಆ ಮುದುಕ ರೈತ ಇಳಿದು ಬಂದಾಗ, ಬೈಸಿಕೊಂಡೇ ಹೋಗುತ್ತೇವೆ ಎಂದುಕೊಂಡೆ.

ಬೈಯಲಿಲ್ಲ. ಈ ನಿಂಬೆಹಣ್ಣು ಯಾತಕ್ಕೆ ಎಂದು ಕೇಳಿ ತಿಳಿದುಕೊಂಡು, ನಮ್ಮನ್ನು ಹಿಂದೆ ವಿಮಾನ ನಿಲ್ಲಿಸುತ್ತಿದ್ದ, ಈಗ ಹುಲ್ಲಿನ ಕಟ್ಟು ತುಂಬಿದ ತಗಡಿನ ಹ್ಯಾಂಗರಿಗೆ ಕರೆದುಕೊಂಡು ಹೋದರು. ಬಾಗಿಲ ಪಕ್ಕದ ಮರದ ಕಂಬ ತೋರಿಸಿದರು. ಕಂಬಕ್ಕೆಲ್ಲ ಹಸಿರು ಬಣ್ಣ, ನನ್ನ ತಲೆಯ ಮಟ್ಟದಲ್ಲಿ ಒಂದು ಅಂಗೈಯಷ್ಟು ಜಾಗ ಮಾತ್ರ ಸವೆದು ನುಣ್ಣಗಾಗಿತ್ತು. ಅವರ ತಂದೆ ಇಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. ವಿಮಾನ ಕಲಿಯಲು ಬಂದ ಹುಡುಗರು ಹತ್ತುವ ಮೊದಲು ಈ ಕಂಬ ಮುಟ್ಟಿ ಹೋಗುತ್ತಿದ್ದರಂತೆ. ಹತ್ತೊಂಬತ್ತು, ಇಪ್ಪತ್ತರ ಹುಡುಗರು. ಕಲಿತು ಸಮುದ್ರ ದಾಟಿ ಯುದ್ಧಕ್ಕೆ ಹೋದವರಲ್ಲಿ ಎಷ್ಟೋ ಜನ ಹಿಂತಿರುಗಲಿಲ್ಲ. ಆ ಜಾಗಕ್ಕೆ ಮತ್ತೆ ಬಣ್ಣ ಬಳಿಯಲು ತಂದೆ ಬಿಡಲಿಲ್ಲವಂತೆ.

ಮೂರು ಭಾನುವಾರ ಕಳೆದರೂ ನನ್ನ ಕತ್ತು ಪಕ್ಕಕ್ಕೆ ತಿರುಗುವುದು ನಿಲ್ಲಲಿಲ್ಲ. ಮುದುಕ ನೋಡಿ ನೋಡಿ ಬೇಸತ್ತಿರಬೇಕು. ನಾಲ್ಕನೆಯ ಭಾನುವಾರ ಕಾರಿನ ಬಾಗಿಲು ತೆರೆದು ಗಂಡನಿಗೆ ಇಳಿಯಲು ಹೇಳಿದರು. ಹಿಂದೆ ಕಲಿಸುವವರು ಹೀಗೇ ಮಾಡುತ್ತಿದ್ದರಂತೆ: ಒಂದು ದಿನ ಇದ್ದಕ್ಕಿದ್ದಂತೆ ವಿಮಾನದಿಂದ ಇಳಿದು, ಹುಡುಗನನ್ನು ಒಬ್ಬನೇ ಬಿಟ್ಟು ನಡೆದುಬಿಡುವುದು.

"ಹಿಂದೆ ತಿರುಗಿ ನೋಡಬಾರದು, ಅದೇ ನಿಯಮ" ಎಂದರು ಗಂಡನಿಗೆ.

ಗಂಡ ಇಳಿದರು. ಪಕ್ಕದ ಸೀಟು ಖಾಲಿ. ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಹೊರಟೆ. ಕನ್ನಡಿಯಲ್ಲಿ ನೋಡಿದರೆ ಇಬ್ಬರೂ ನನಗೆ ಬೆನ್ನು ಹಾಕಿ ನಡೆಯುತ್ತಿದ್ದರು, ಮುದುಕನ ಕೈ ಗಂಡನ ಹೆಗಲ ಮೇಲೆ ಗಟ್ಟಿಯಾಗಿ ಕೂತಿತ್ತು. ರನ್‌ವೇ ತುದಿಯಲ್ಲಿ ಎರಡು ಕುರಿ ಅಡ್ಡ ಬಂದವು. ಯಾರನ್ನೂ ಕೇಳದೆ ಬ್ರೇಕ್ ಹಾಕಿದೆ, ಅವು ದಾಟಿದ ಮೇಲೆ ಯಾರನ್ನೂ ಕೇಳದೆ ತಿರುಗಿಸಿಕೊಂಡು ಬಂದೆ.

"ತಿರುಗಿ ನೋಡ್ಲಿಲ್ಲ ಕಣೇ" ಎಂದರು ಗಂಡ. ಮುಖ ಬಾಡಿಹೋಗಿತ್ತು. "ಕಾರಿನ ಸದ್ದು ನಿಂತಾಗ ಮಾತ್ರ ಜೀವ ಹೋದಂಗಾಯ್ತು."

ಮೂವತ್ತು ವರ್ಷ ನನ್ನನ್ನು ಕಾಯುವುದನ್ನೇ ರೂಢಿ ಮಾಡಿಕೊಂಡ ಮನುಷ್ಯ. ಅವತ್ತಿನ ಕಷ್ಟದ ಕೆಲಸ ನನ್ನದಾಗಿರಲಿಲ್ಲ.

ಪರೀಕ್ಷೆ ಪಾಸಾಯಿತು. ಈಗ ವಾರಕ್ಕೆರಡು ಸಲ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ನಿಲ್ಲಿಸಿ ಆ ಕಂಬ ಮುಟ್ಟಿ ಹೋಗುತ್ತೇನೆ. ಹುಡುಗರು ಸವೆಸಿದ ಜಾಗಕ್ಕೆ ಕೈ ಹಾಕಲು ಮನಸ್ಸು ಬರುವುದಿಲ್ಲ. ಅದಕ್ಕಿಂತ ಒಂದು ಗೇಣು ಕೆಳಗೆ ಮುಟ್ಟುತ್ತೇನೆ. ಅಲ್ಲಿ ಹಸಿರು ಬಣ್ಣ ಇನ್ನೂ ಹಾಗೇ ಇದೆ.