ಅಕ್ಕನ ಕಾರಿನಲ್ಲಿ ಮದುಮಗಳು

ಅಕ್ಕ ಹೊಸ ಕಾರು ಕೊಂಡದ್ದು ತನ್ನ ಅರವತ್ತೊಂದನೆಯ ವರ್ಷದಲ್ಲಿ. ಮೂಡುಬಿದಿರೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಊಟದ ಹೋಟೆಲು ನಡೆಸಿದವಳು ಅವಳು. ಅಕ್ಕಿ, ತರಕಾರಿ, ಗ್ಯಾಸ್ ಸಿಲಿಂಡರು ಎಲ್ಲವನ್ನೂ ಒಂದು ಹಳೆಯ ವ್ಯಾನಿನಲ್ಲಿ ತಾನೇ ಓಡಿಸಿಕೊಂಡು ತರುತ್ತಿದ್ದಳು. ಆ ವ್ಯಾನಿನ ಜಾಗಕ್ಕೆ ವಿದೇಶಿ ಕಂಪೆನಿಯ ಕಡುನೀಲಿ ಕಾರು ಬಂತು. ನಮ್ಮ ಬೀದಿಯಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ನಾನು ಪತ್ರಿಕೆಯ ವರದಿಗಾರನಾಗಿ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳನ್ನು ಸ್ಕೂಟರಿನಲ್ಲಿ ಸುತ್ತಿದವನು. ಕಾರಿನ ವಿಚಾರ ನನಗೆ ಹೆಚ್ಚು ತಿಳಿಯದು. ನಿವೃತ್ತನಾದ ಮೇಲೆ ಅವಳ ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದನ್ನಷ್ಟೇ ಬರೆಯುತ್ತಿದ್ದೇನೆ. ನಾವು ಆಡುವುದು ತುಳು. ಇಲ್ಲಿರುವುದು ಅದರ ಕನ್ನಡ.

"ಮೈಲೇಜ್ ಎಷ್ಟು ಸಿಕ್ತದೆ ಅಕ್ಕಾ?" ಎಂದು ಕೇಳದವರಿಲ್ಲ. ಮೊದಲ ತಿಂಗಳು ಅವಳು ಸರಿಯಾದ ಉತ್ತರ ಕೊಡುತ್ತಿದ್ದಳು. ಆಮೇಲೆ, "ನಿನ್ನ ನಾಲಿಗೆಯಷ್ಟು ಓಡುವುದಿಲ್ಲ ಮಾರಾಯ" ಎನ್ನತೊಡಗಿದಳು.

ಪೆಟ್ರೋಲ್ ಬಂಕಿನಲ್ಲಿ ಹುಡುಗರು ನೇರ ನನ್ನ ಕಡೆಯ ಕಿಟಕಿಗೆ ಬರುತ್ತಿದ್ದರು. ಸ್ಟಿಯರಿಂಗ್ ಹಿಡಿದು ಕೂತವಳು ಅಕ್ಕ, ಪ್ರಶ್ನೆ ಮಾತ್ರ ನನಗೆ. "ಅವನತ್ರ ಕೇಳ್ಬೇಡಿ, ಟ್ಯಾಂಕಿನ ಮುಚ್ಚಳ ಯಾವ ಬದಿಗೆ ಉಂಟು ಅಂತಲೂ ಅವನಿಗೆ ಗೊತ್ತಿಲ್ಲ" ಎಂದು ಅವಳು ಹೇಳುತ್ತಿದ್ದಳು. ಅದು ನಿಜವೇ ಆಗಿತ್ತು.

ದುಬಾರಿ ಕಾರೆಂದರೆ ಸುಖ ಎಂದುಕೊಂಡಿದ್ದೆ. ಮನೆಗೆ ಬಂದದ್ದು ಹೆಚ್ಚಿನ ಕೆಲಸ. ಹಲಸಿನ ಮರದ ಕೆಳಗೆ ನಿಲ್ಲಿಸುವಂತಿಲ್ಲ, ತೆಂಗಿನ ಮರದ ಕೆಳಗಂತೂ ಇಲ್ಲವೇ ಇಲ್ಲ. ಬೇಸಿಗೆಯ ಕೆಂಪು ಧೂಳನ್ನು ಒಣಬಟ್ಟೆಯಲ್ಲಿ ಒರೆಸಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ, ನೀರು ಬಿಟ್ಟೇ ತೊಳೆಯಬೇಕು. ಬೆಳ್ತಂಗಡಿಯ ಪಂಕ್ಚರ್ ಅಂಗಡಿಯವನು ಡಿಕ್ಕಿ ತೆರೆದು ನೋಡಿ, "ಇಷ್ಟು ದೊಡ್ಡ ಕಾರಿಗೆ ಒಂದು ಸ್ಟೆಪ್ನಿ ಇಲ್ವಾ?" ಎಂದು ಮರುಕದಿಂದ ಕೇಳಿದ್ದ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟಯರು ಅದು ಎಂದು ಅಕ್ಕ ವಿವರಿಸಿದರೂ ಅವನು ನಂಬಲಿಲ್ಲ.

ಮೊದಲ ಮಳೆಗಾಲದಲ್ಲಿ ಇಲಿ ಒಳಗೆ ಹೊಕ್ಕು ವಯರು ಕಡಿಯಿತು. ಕಾರು ಮಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ದಿನಗಟ್ಟಲೆ ನಿಂತಿತು. ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಡಿ, ಇಲಿ ಹತ್ತಿರ ಬರುವುದಿಲ್ಲ ಎಂದು ಹೋಟೆಲಿಗೆ ಬರುವ ಹತ್ತು ಜನ ಹೇಳಿದರು. ಅಕ್ಕ ಇಟ್ಟಳು. ಇಲಿ ಬರಲಿಲ್ಲ, ಆದರೆ ಏಸಿ ಹಾಕಿದಾಗಲೆಲ್ಲ ಹೊಗೆಸೊಪ್ಪಿನ ಘಾಟು ಒಳಗೆ ತುಂಬಿ, ವೀಳ್ಯ ಅಭ್ಯಾಸವಿಲ್ಲದವರಿಗೆ ತಲೆ ತಿರುಗಿತು. ಅಂದಿನಿಂದ ಅವಳು ಊರವರ ಸಲಹೆ ಬಿಟ್ಟು ಕಾರಿನ ಜೊತೆ ಬಂದ ದಪ್ಪ ಪುಸ್ತಕ ಓದತೊಡಗಿದಳು. ಅದಕ್ಕೆ ಶಾಲೆಯ ಪುಸ್ತಕದ ಹಾಗೆ ಕಂದು ಕಾಗದದ ಬೈಂಡು ಹಾಕಿದಳು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಕ್ಯಾಶಿನ ಮೇಜಿನಲ್ಲಿ ಕೂತು ದಿನಕ್ಕೆ ನಾಲ್ಕು ಪುಟ. ಅವಳು ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಅರ್ಥವಾಗದ ಇಂಗ್ಲಿಷ್ ಶಬ್ದಗಳನ್ನು ಚೀಟಿಯಲ್ಲಿ ಬರೆದು ಸಂಜೆ ನನ್ನ ಮುಂದೆ ಇಡುತ್ತಿದ್ದಳು. ಅರ್ಧದಷ್ಟು ನನಗೂ ಗೊತ್ತಿರಲಿಲ್ಲ.

ಹೋಟೆಲಿನ ಅಡುಗೆಮನೆಯನ್ನು ಮೊದಲಿನಿಂದ ನೋಡಿಕೊಂಡವಳು ಅಳದಂಗಡಿಯ ಒಳಭಾಗದ ಒಬ್ಬ ಹೆಂಗಸು. ಬೆಳಗಿನ ಮೊದಲ ಬಸ್ಸಿನಲ್ಲಿ ಬಂದು ಸಂಜೆ ಹೋಗುವವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿದಳು. ಹಿಂದೊಮ್ಮೆ ತೆಂಗಿನಕಾಯಿ ತುರಿಯುತ್ತಾ ಅವಳು ತನ್ನ ಮದುವೆಯ ಕತೆ ಹೇಳಿದ್ದಳಂತೆ. ಮಾತಾಡಿಟ್ಟ ಕಾರು ಬರಲಿಲ್ಲ, ಮದುಮಗಳ ಸೀರೆಯಲ್ಲಿ ಸರ್ವಿಸ್ ಬಸ್ಸು ಹತ್ತಿ, ಸೀಟು ಸಿಗದೆ ನಿಂತೇ ಮದುವೆಗೆ ಹೋದೆ, ಎಂದು. ನಗುತ್ತಲೇ ಹೇಳಿದ್ದು. ಅಕ್ಕ ನಗಲಿಲ್ಲ.

"ನಿನ್ನ ಮಗಳು ನನ್ನ ಕಾರಿನಲ್ಲಿ ಹೋಗ್ತಾಳೆ. ನಾನೇ ಬಿಡ್ತೇನೆ" ಎಂದಳು.

ಆಗ ಇದ್ದದ್ದು ಈರುಳ್ಳಿ ವಾಸನೆಯ ಆ ವ್ಯಾನು ಮಾತ್ರ. ಮಗಳು ಇನ್ನೂ ಶಾಲೆಯಲ್ಲಿದ್ದಳು.

ಕಳೆದ ಮೇ ತಿಂಗಳಲ್ಲಿ ಆ ಮಗಳ ಮದುವೆ ನಿಶ್ಚಯವಾಯಿತು. ಗಂಡಿನ ಮನೆ ಕೊಕ್ಕಡದಲ್ಲಿ. ಎರಡು ಕಡೆಯವರಿಗೂ ಬೇಕಾದವರು ಬಂಟ್ವಾಳದಲ್ಲಿದ್ದುದರಿಂದ ಮದುವೆಯ ಹಾಲ್ ಅಲ್ಲಿ. ಮಾತು ನೆನಪಿಸಲು ತಾಯಿ ಬರಲಿಲ್ಲ. ಅಕ್ಕನೇ ಹೋಗಿ, "ಮದುಮಗಳ ಕಾರು ಮಾತಾಡಿ ಆಯ್ತು, ಬೇರೆ ಹುಡುಕ್ಬೇಡಿ" ಎಂದು ಹೇಳಿ ಬಂದಳು.

ಹುಡುಗಿಯ ಸೋದರಮಾವನಿಗೆ ಇದು ಹಿಡಿಸಲಿಲ್ಲ. ಅವರು ಬಾಡಿಗೆ ಜೀಪು ಓಡಿಸುವವರು, ಚಾರ್ಮಾಡಿ ಘಾಟಿಯನ್ನು ಕಣ್ಣು ಮುಚ್ಚಿ ಹತ್ತಬಲ್ಲವರು. ಕಾರಿನ ಬಗ್ಗೆ ಅವರದು ತಕರಾರಿಲ್ಲ. "ಒಬ್ಬ ಡ್ರೈವರನ್ನು ಮಾಡುವ ಅಕ್ಕಾ. ಶುಭಕಾರ್ಯ. ದಾರಿಯಲ್ಲಿ ಎಂತಾದ್ರೂ ಆದ್ರೆ ನಿಮಗೇ ಕೆಟ್ಟ ಹೆಸರು" ಎಂದರು.

"ಡ್ರೈವರನ್ನು ಮಾಡಿದ್ರೆ ನಾನು ಹೇಳಿದ ಮಾತು ಆಗುವುದಿಲ್ಲ."

"ಕಾರು ನಿಮ್ಮದೇ ಅಲ್ವಾ?"

"ಕಾರು ಮಾತ್ರ ಅಲ್ಲ ಮಾರಾಯ್ರೇ, ನಾನೇ ಬಿಡ್ತೇನೆ ಅಂತ ಹೇಳಿದ್ದು."

ಮದುವೆಯ ಹಿಂದಿನ ದಿನ ನಾವು ಅವರ ಮನೆಯ ದಾರಿ ನೋಡಲು ಹೋದೆವು. ಡಾಮರು ರಸ್ತೆಯಿಂದ ಮನೆಗೆ ಕಾಲು ಮೈಲಿ ಮಣ್ಣಿನ ದಾರಿ. ಕಾರಿನ ಮುಂಭಾಗ ತಗ್ಗು. ಅಕ್ಕ ಡಾಮರು ರಸ್ತೆಯಲ್ಲೇ ಕಾರು ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಆ ದಾರಿಯನ್ನು ಎರಡು ಸಲ ನಡೆದಳು. ಮೂರು ಕಲ್ಲು ಎಬ್ಬಿಸಬೇಕು, ನೀರು ಹರಿದ ಒಂದು ಗುಂಡಿಗೆ ಕೆಂಪು ಮುರಕಲ್ಲಿನ ಚೂರು ತುಂಬಬೇಕು ಎಂದಳು. ಮಾವ ಪಿಕ್ಕಾಸು ತಂದರು.

"ರಸ್ತೆಗೆ ತಕ್ಕ ಕಾರು ತರುವುದು ಬಿಟ್ಟು ಕಾರಿಗೆ ತಕ್ಕ ರಸ್ತೆ ಮಾಡಿಸ್ತೀರಲ್ಲ" ಎಂದು ಗೊಣಗುತ್ತಲೇ ಅಗೆದರು.

"ನಿಮ್ಮ ಜೀಪಿಗೂ ಉಪಕಾರ ಆಯ್ತಲ್ಲ" ಎಂದಳು ಅಕ್ಕ.

ಮದುವೆಯ ಬೆಳಿಗ್ಗೆ ಹುಡುಗಿಯ ಮನೆಯ ಅಂಗಳದಲ್ಲಿ ಕಾರಿಗೆ ಹೂವಿನ ಅಲಂಕಾರ ಮಾಡಿಸುವ ಕೆಲಸ ನನ್ನದು. ಅಕ್ಕನದು ಒಂದೇ ಕಟ್ಟಳೆ: ಬಣ್ಣದ ಮೇಲೆ ಸೆಲೋಟೇಪು ಅಂಟಿಸಬಾರದು, ಎಲ್ಲವನ್ನೂ ದಾರದಲ್ಲೇ ಕಟ್ಟಬೇಕು. ಹೂವಿನವನ ಕೈಯ ಮೇಲೆ ನಾನು ಕಣ್ಣಿಟ್ಟೆ. ಅವನು ಸೇವಂತಿಗೆ, ಗುಲಾಬಿಯ ದೊಡ್ಡದೊಂದು ಗುಚ್ಛ ತಂದಿದ್ದ, ಎರಡು ಬದಿಗೆ ಮಲ್ಲಿಗೆಯ ಮಾಲೆ ಇಳಿಬಿಟ್ಟದ್ದು. "ಇದನ್ನು ಮೇಲೆ ಕಟ್ಟುವುದಾ?" ಎಂದು ಕೇಳಿದ. "ಎದುರಿಗೆ ಕಟ್ಟು, ಸರಿಯಾಗಿ ನಡುವಿಗೆ. ಫೋಟೋದಲ್ಲಿ ಚೆಂದ ಬರ್ತದೆ" ಎಂದೆ. ಅವನು ಅದನ್ನು ಮುಂಭಾಗದ ಜಾಲರಿಗೆ, ಕಂಪೆನಿಯ ಗುರುತಿನ ಮೇಲೆಯೇ, ಗಟ್ಟಿಯಾಗಿ ಬಿಗಿದ. ಒಂದು ಚೂರು ಟೇಪು ಬಳಸಲಿಲ್ಲ. ನನಗೆ ತೃಪ್ತಿಯಾಯಿತು.

ಒಂಬತ್ತು ಮುಕ್ಕಾಲಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಮದುಮಗಳು, ಅವಳ ತಾಯಿ ಮತ್ತು ಅಜ್ಜಿ. ಹಿಂದೆ ಮಾವನ ಜೀಪು, ಅದರ ಹಿಂದೆ ಬಸ್ಸು. ಮುಹೂರ್ತ ಹನ್ನೆರಡು ಗಂಟೆ ಐದು ನಿಮಿಷಕ್ಕೆ. ಹನ್ನೊಂದೂವರೆಯೊಳಗೆ ಹುಡುಗಿ ಹಾಲ್‌ನಲ್ಲಿರಬೇಕೆಂದು ಭಟ್ಟರು ತಿಳಿಸಿದ್ದರು. ಅಂಗಳದಿಂದ ಹೊರಡುವಾಗಲೇ ಕಾರು ಬೀಪ್ ಬೀಪ್ ಎನ್ನಲು ಶುರುಮಾಡಿತು. ಜನ ಹತ್ತಿರ ಇದ್ದುದಕ್ಕೆ ಇರಬೇಕು ಎಂದಳು ಅಕ್ಕ. ವೇಗ ಹೆಚ್ಚಿದಾಗ ಶಬ್ದ ನಿಂತಿತು, ಆದರೆ ಎದುರಿನ ಪರದೆಯಲ್ಲಿ ಒಂದು ಹಳದಿ ದೀಪ ಉಳಿಯಿತು. ಗುರುವಾಯನಕೆರೆ ದಾಟಿದ ಮೇಲೆ ರಸ್ತೆ ಕೆಲಸ ನಡೆಯುವಲ್ಲಿ ವಾಹನಗಳು ಸಾಲುಗಟ್ಟಿ ತೆವಳುತ್ತಿದ್ದವು. ಬೀಪ್ ಮತ್ತೆ ಬಂತು, ಈ ಸಲ ನಿಲ್ಲದೆ. ಮದುಮಗಳು ಕಿವಿಯ ಮೇಲೆ ಕೈ ಇಟ್ಟಳು.

ಆಮೇಲೆ ಕಾರು ತಾನಾಗಿ ಬ್ರೇಕ್ ಹಾಕಿತು. ಎದುರಿನ ಲಾರಿ ಸಾಕಷ್ಟು ದೂರದಲ್ಲಿತ್ತು, ಅಕ್ಕನ ಕಾಲು ಬ್ರೇಕಿನ ಮೇಲೆ ಇರಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಎಲೆಯಡಿಕೆ ಚೀಲ ನನ್ನ ಹೆಗಲಿಗೆ ಬಂದು ಬಿತ್ತು. ಹಿಂದೆ ಜೀಪು ಒಂದು ಮೊಳ ಅಂತರದಲ್ಲಿ ನಿಂತಿತು.

ಮಾವ ಇಳಿದು ಬಂದರು. "ನಾನು ಹೇಳಿದ್ದೆ. ಇನ್ನು ಇದರಲ್ಲಿ ಬೇಡ. ಹುಡುಗಿ ಜೀಪಿಗೆ ಬರ್ಲಿ, ಹೋಗುವ."

"ಎರಡು ನಿಮಿಷ" ಎಂದಳು ಅಕ್ಕ.

"ಎರಡು ನಿಮಿಷದಲ್ಲಿ ಮಂಗ್ಳೂರಿಂದ ಮೆಕ್ಯಾನಿಕ್ ಬರ್ತಾನಾ?"

ತಾಯಿ ಅಕ್ಕನ ಮುಖ ನೋಡಿದಳು. ಅವಳ ಕೈ ಬಾಗಿಲಿನ ಹಿಡಿಕೆಯ ಮೇಲಿತ್ತು. ಆ ಕೈಯನ್ನು ಅಕ್ಕನೂ ಕಂಡಳು. ಇವಳು ಇಳಿದರೆ ಮಗಳೂ ಇಳಿಯುತ್ತಾಳೆ, ಅಷ್ಟು ವರ್ಷ ಕಾದ ಮಾತು ಪುಂಜಾಲಕಟ್ಟೆಯ ಈಚೆಗೆ ಮಣ್ಣಿನ ರಾಶಿಯ ಪಕ್ಕದಲ್ಲಿ ಮುಗಿಯುತ್ತದೆ. ಮದುಮಗಳು ಮಾತ್ರ, "ಅಮ್ಮ, ಸ್ವಲ್ಪ ನಿಲ್ಲು. ದೊಡ್ಡಮ್ಮ ನೋಡ್ತಾರೆ" ಎಂದಳು. ಅಕ್ಕನನ್ನು ಅವಳು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ದೊಡ್ಡಮ್ಮನೆಂದೇ.

ಅಕ್ಕ ಕಾರನ್ನು ಅಂಚಿಗೆ ತಂದು ನಿಲ್ಲಿಸಿದಳು. ಕಂದು ಬೈಂಡಿನ ಪುಸ್ತಕ ತೆಗೆದಳು. ಕನ್ನಡಕ ಹಾಕಿಕೊಂಡು, ಪರದೆಯ ಹಳದಿ ಚಿತ್ರಕ್ಕೂ ಪುಟದ ಚಿತ್ರಕ್ಕೂ ಹೋಲಿಸಿ ನೋಡಿದಳು. ಮಾವ ಗಡಿಯಾರ ನೋಡುತ್ತಿದ್ದರು. ನಾನೂ ನೋಡಿದೆ, ಹತ್ತು ಮೂವತ್ತೆಂಟು. ಅವಳು ಕೆಳಗಿಳಿದು ಮುಂದೆ ಹೋಗಿ ಹೂಗುಚ್ಛದ ಎದುರು ನಿಂತಳು.

"ಇದನ್ನು ಇಲ್ಲಿ ಕಟ್ಟಲಿಕ್ಕೆ ಹೇಳಿದ್ದು ಯಾರು?"

"ನಾನು" ಎಂದೆ.

"ಇದರ ಹಿಂದೆ ಉಂಟು ಕಾರಿನ ಕಣ್ಣು. ಎದುರಿಗೆ ಎಂತ ಬಂತು ಅಂತ ನೋಡುವುದು ಅದು. ಕಣ್ಣಿಗೆ ಹೂ ಮುಚ್ಚಿ ದಾರಿ ನಡೆ ಅಂದ್ರೆ ಅದು ಎಂತ ಮಾಡ್ಬೇಕು? ಮಾಲೆ ಅಲ್ಲಾಡಿದಾಗ ಯಾರೋ ಅಡ್ಡ ಬಂದ್ರು ಅಂತ ನಿಲ್ತದೆ." ಆಮೇಲೆ ಮಾವನ ಕಡೆ ತಿರುಗಿ, "ಕಾರು ಹಾಳಾಗ್ಲಿಲ್ಲ. ನನ್ನ ತಮ್ಮನಿಗೆ ಫೋಟೋದ ಹುಚ್ಚು" ಎಂದಳು.

ನಲವತ್ತು ವರ್ಷ ಎಲ್ಲವನ್ನೂ ಎರಡು ಸಲ ನೋಡಿ ಬರೆದವನೆಂದು ನನಗೆ ನನ್ನ ಮೇಲೆ ಭರವಸೆಯಿತ್ತು. ಆ ಬೆಳಿಗ್ಗೆ ಟೇಪು ಅಂಟದಂತೆ ಕಾದದ್ದರಲ್ಲೇ ನನ್ನ ನೋಟ ಮುಗಿದುಹೋಗಿತ್ತು.

ಅಕ್ಕ ದಾರ ಬಿಚ್ಚಲು ಕೈ ಹಾಕಿದಾಗ ಅಜ್ಜಿ ಕಿಟಕಿ ಇಳಿಸಿದರು. "ಮದುಮಗಳ ಕಾರಿಗೆ ಕಟ್ಟಿದ ಹೂವನ್ನು ದಾರಿಯಲ್ಲಿ ಬಿಚ್ಚುವುದುಂಟಾ?"

ಮಾವನ ಮುಖದಲ್ಲೂ ಅದೇ ಪ್ರಶ್ನೆ. ಇದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

"ಬಿಚ್ಚಿ ಬಿಸಾಡುವುದಲ್ಲ ಅಜ್ಜೀ, ಜಾಗ ಬದಲಿಸುವುದು" ಎಂದಳು ಅಕ್ಕ. "ಇವತ್ತು ಹುಡುಗಿಯೇ ಮನೆ ಬದಲಿಸ್ತಾಳೆ. ಹೂವಿಗೆ ಎಂತ ದೋಷ?"

 "ಕೆಳಗೆ ಮಾತ್ರ ಇಡ್ಬೇಡ" ಎಂದರು ಅಜ್ಜಿ.

ನಾನು ಗುಚ್ಛವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದೆ. ಅಕ್ಕ ದಾರ ಬಿಡಿಸಿದಳು. ಕಾರಿನ ಮೇಲ್ಗಡೆಯ ಕಂಬಿಗೆ ಅದನ್ನು ಕಟ್ಟಿದ್ದು ಮಾವನೇ; ಸಾಮಾನು ಕಟ್ಟಿ ಅಭ್ಯಾಸವಾದ ಕೈ, ಗಂಟು ಅಲ್ಲಾಡಲಿಲ್ಲ. ಮಾಲೆಗಳನ್ನು ಹಿಂದಿನ ಬಾಗಿಲುಗಳ ಹಿಡಿಕೆಗೆ ಸುತ್ತಿದರು. ತಾಯಿ ತನ್ನ ಕೈಯನ್ನು ಹಿಡಿಕೆಯಿಂದ ತೆಗೆದು ಮಗಳ ಸೀರೆಯ ನೆರಿಗೆ ಸರಿಮಾಡುತ್ತಿದ್ದಳು.

ಕಾರು ಹೊರಟಿತು. ಬೀಪ್ ಇಲ್ಲ. ಹಳದಿ ದೀಪ ಇನ್ನೂ ಉರಿಯುತ್ತಿತ್ತು.

"ದೀಪ ಹೋಗ್ಲಿಲ್ಲ ಅಕ್ಕ" ಎಂದೆ.

"ಸ್ವಲ್ಪ ದೂರ ಓಡಿದ ಮೇಲೆ ಹೋಗ್ತದೆ ಅಂತ ಬರೆದಿದ್ದಾರೆ. ನೀನು ರಸ್ತೆ ನೋಡು."

ಪುಂಜಾಲಕಟ್ಟೆ ದಾಟುವಾಗ ದೀಪ ಆರಿತು. ಅಕ್ಕ ವೇಗ ಹೆಚ್ಚಿಸಲಿಲ್ಲ. ಹಿಂದಿನ ಬಸ್ಸು ಕಣ್ಣಿಗೆ ಕಾಣುವಷ್ಟೇ ಮುಂದೆ, ತಿರುವುಗಳಲ್ಲಿ ಹಿಂದಿನವರ ಮೈ ವಾಲದ ಹಾಗೆ ಓಡಿಸಿದಳು. ಹನ್ನೊಂದು ಹದಿನಾರಕ್ಕೆ ಬಂಟ್ವಾಳದ ಹಾಲ್‌ನ ಎದುರು ನಿಲ್ಲಿಸಿದಳು. ವಾಲಗದವರು ಶುರುಮಾಡಿದರು. ಮದುಮಗಳು ಇಳಿಯುವಾಗ ಫೋಟೋದವನು ಬಾಗಿಲಿನ ಮಲ್ಲಿಗೆಯ ಬಳಿ ಅವಳನ್ನು ನಿಲ್ಲಿಸಿದ. ಅವಳ ತಾಯಿ ಅಕ್ಕನ ಕಿಟಕಿಗೆ ಬಂದು, ಸ್ಟಿಯರಿಂಗಿನ ಮೇಲಿದ್ದ ಕೈಯನ್ನು ಒಮ್ಮೆ ಮುಟ್ಟಿ ಒಳಗೆ ಹೋದಳು. ವರದಿಗಾರನಾಗಿ ನಾನು ನೂರಾರು ಉದ್ಘಾಟನೆ, ಸನ್ಮಾನಗಳನ್ನು ಬರೆದಿದ್ದೇನೆ. ಇವಳು ನನ್ನ ಅಕ್ಕನೆಂದು ಎದೆ ಉಬ್ಬಿದ್ದು ಆ ಒಂದೇ ಸಲ.

ಊಟದ ಪಂಕ್ತಿಯಲ್ಲಿ ಮಾವ ಬಂದು ನಮ್ಮೆದುರು ನಿಂತರು.

"ಅಕ್ಕಾ, ಕೊಕ್ಕಡಕ್ಕೂ ನೀವೇ ಬಿಡ್ಬಹುದಾ?"

"ನಿಮ್ಮ ಜೀಪು ಉಂಟಲ್ಲ?"

"ಜೀಪಿನಲ್ಲಿ ಪಾತ್ರೆ, ಕಪಾಟು ಬರ್ತದೆ. ಹುಡುಗಿ ಕಾರಿನಲ್ಲೇ ಬರ್ಲಿ."

"ಹೋಳಿಗೆ ತಿಂದು ಹೇಳ್ತೇನೆ" ಎಂದಳು ಅಕ್ಕ. ಇನ್ನೊಂದು ಹಾಕಿಸಿಕೊಂಡಳು.

ಸಂಜೆ ಐದರ ಹೊತ್ತಿಗೆ ಕೊಕ್ಕಡ ತಲುಪಿದೆವು. ಮದುಮಕ್ಕಳನ್ನು ಒಳಗೆ ಕರೆದುಕೊಂಡಾದ ಮೇಲೆ ಗಂಡಿನ ತಂದೆ ಒಂದು ತಟ್ಟೆಯೊಂದಿಗೆ ಅಂಗಳಕ್ಕೆ ಬಂದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಹೊಸ ಬೈರಾಸು, ಗಂಡಸರ ಹೆಗಲ ಟವೆಲು. ಮದುಮಗಳನ್ನು ತಂದ ಡ್ರೈವರಿಗೆ ಹೆಗಲಿಗೆ ಹಾಕಿಕೊಳ್ಳಲು ಬೈರಾಸು ಕೊಟ್ಟು ಕಳಿಸುವುದು ಆ ಮನೆಯ ಕ್ರಮ. ಅವರು ಅಭ್ಯಾಸದಂತೆ ನನ್ನ ಕಡೆಗೆ ನಡೆದರು. ನಾನು ಅಕ್ಕನನ್ನು ತೋರಿಸಿದೆ. ಅವರು ತಡೆದು ನಿಂತು, ತಟ್ಟೆಯನ್ನೂ ಅಕ್ಕನನ್ನೂ ನೋಡಿ ಸಂಕೋಚಪಟ್ಟರು.

"ಕ್ಷಮಿಸ್ಬೇಕು, ಗೊತ್ತಾಗ್ಲಿಲ್ಲ. ಒಂದು ನಿಮಿಷ. ರವಿಕೆ ಕಣ ತರಿಸ್ತೇನೆ."

"ಬೇಡ" ಎಂದಳು ಅಕ್ಕ. "ಡ್ರೈವರಿಗೆ ಕೊಡುವುದಲ್ವಾ ಇದು? ಇದನ್ನೇ ಕೊಡಿ."

ಎರಡೂ ಕೈ ಚಾಚಿ ತೆಗೆದುಕೊಂಡಳು. ಮಡಿಕೆ ಬಿಡಿಸಿ, ರೇಷ್ಮೆ ಸೀರೆಯ ಮೇಲೆ ಹೆಗಲಿಗೆ ಹಾಕಿಕೊಂಡಳು. ಜೀಪಿನಿಂದ ಕಪಾಟು ಇಳಿಸುತ್ತಿದ್ದ ಮಾವ ತಮ್ಮ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡು ಬಂದು ಅವಳ ಪಕ್ಕದ ಬೆಂಚಿನಲ್ಲಿ ಕೂತರು. ಚಾ ಬಂತು. ಹಿಂದೆ ಹೋಗುವಾಗ ಯಾವ ದಾರಿ ಒಳ್ಳೆಯದು ಎಂದು ಇಬ್ಬರೂ ಮಾತಾಡತೊಡಗಿದರು.