ದುರ್ಬೀನಿನ ಗಾಯಕ್ಕೆ ಅಗಲದ ಪಟ್ಟಿ

ನಮ್ಮ ಕಡೆಯ ಹೆಂಗಸರು ಅದನ್ನು ದುರ್ಬೀನ ಆಪರೇಶನ್ ಎನ್ನುತ್ತಿದ್ದರು. ಸರ್ಕಾರಿ ಕಾಗದದಲ್ಲಿ ಉದರದರ್ಶಕ ಶಸ್ತ್ರಚಿಕಿತ್ಸೆ ಎಂದಿತ್ತು; ಆ ಹೆಸರನ್ನು ಹಳ್ಳಿಗಳಲ್ಲಿ ಯಾರ ಬಾಯಲ್ಲೂ ನಾನು ಕೇಳಲಿಲ್ಲ. ಎಂಬತ್ತರ ದಶಕದ ಮಾತು. ಹೊಕ್ಕುಳದ ಕೆಳಗೆ ಸಣ್ಣದೊಂದು ತೂತು ಮಾಡಿ, ಹೊಟ್ಟೆಗೆ ಗಾಳಿ ತುಂಬಿ, ಕೊಳವೆಯಂಥ ದುರ್ಬೀನು ಇಳಿಸಿ, ಇನ್ನು ಮಕ್ಕಳಾಗದಂತೆ ಒಳಗಿನ ನಾಳಗಳಿಗೆ ಉಂಗುರ ತೊಡಿಸುವುದು. ಮೇಲೆ ಒಂದು ಹೊಲಿಗೆ. ಸಂಜೆಯ ಬಸ್ಸಿಗೆ ಮನೆ.

ನಾನಾಗ ಹೊಸ ಲೇಡಿ ಡಾಕ್ಟರು, ಹುಬ್ಬಳ್ಳಿಯಲ್ಲಿ ಮುಂದಿನ ಓದು ಓದುತ್ತಿದ್ದೆ. ಹಳೆಯ ರೀತಿಯಲ್ಲಿ ಹೊಟ್ಟೆ ಕೊಯ್ಸಿಕೊಂಡವರಿಗಿಂತ ದುರ್ಬೀನಿನವರು ಬೇಗ ಚೇತರಿಸಿಕೊಳ್ಳುತ್ತಾರೆಯೇ ಎಂಬುದು ನನ್ನ ಪ್ರಬಂಧದ ವಿಷಯ. ಉತ್ತರ ನನ್ನ ಗುರುಗಳಿಗೆ ಮೊದಲೇ ಗೊತ್ತಿತ್ತು.

"ಲಗೂನ ಕೆಲಸಕ್ಕ ಹೋಗ್ತಾರ, ಅದ ಅದರ ಗೆಲುವು. ಹೋಗಿ ಕೇಳಿಕೊಂಡ ಬಾ," ಎಂದರು.

ಯಾರೋ ಹೇಳಿದ್ದಕ್ಕೆ ಗೋಣು ಹಾಕುವ ಜಾಯಮಾನ ನನ್ನದಲ್ಲ. ನವಲಗುಂದದ ಬಸ್ಸು ಹತ್ತಿದೆ. ಆಪರೇಶನ್ ಆದವರ ಮನೆ ಹುಡುಕುತ್ತ ಹಳ್ಳಿ ಹಳ್ಳಿ ಅಲೆದೆ. ಎರೆ ಮಣ್ಣಿನಲ್ಲಿ ಚಪ್ಪಲಿ ಸಿಕ್ಕಿಕೊಂಡಾಗ ಅದನ್ನು ಕೈಯಲ್ಲಿ ಹಿಡಿದೇ ನಡೆದೆ. ಕೆಲಸಕ್ಕೆ ಅಲ್ಲಿಯವರ ಮಾತು ದಗದ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ದಗದಕ್ಕ ಯಾವಾಗಿಂದ ಹೋಗಾಕತ್ತೀರಿ?" ಹೆಚ್ಚುಕಡಿಮೆ ಒಂದೇ ಉತ್ತರ: "ಇನ್ನೂ ಹೋಗಿಲ್ರಿ ಬಾಯಾರ, ಮನ್ಯಾಗ ಅದೀನ್ರಿ." ಗುರುಗಳ ಲೆಕ್ಕ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಪಾಪ, ಇವರಿಗೂ ನಾಲ್ಕು ದಿನ ವಿಶ್ರಾಂತಿ ಸಿಕ್ಕಿತಲ್ಲ ಎಂದುಕೊಂಡೆ.

ಯಮನೂರಿನ ಹತ್ತಿರದ ಒಂದು ಮನೆಯಲ್ಲಿ ಕಿರಿಯ ಸೊಸೆಯೂ ಹಾಗೆಯೇ ಅಂದಳು. ನನಗೆ ನೀರು ಕೊಡಲು ಚರಿಗೆ ಎತ್ತಲು ಬಗ್ಗಿದವಳು ಉಸಿರು ಹಿಡಿದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಕರೆದುಕೊಂಡು ಹೋಗಿ ನೋಡಿದೆ. ಹೊಲಿಗೆ ಬಿಚ್ಚಿ ಕೀವಾಗಿತ್ತು.

"ಕೆರೀಯಿಂದ ನೀರ ಯಾರ ತರ್ತಾರ?"

"ನಾನರಿ. ಆಪರೇಶನ್ ಆದ ಮರುದಿನದಿಂದ ತರಾಕತ್ತೀನ್ರಿ."

"ಮತ್ತ ದಗದಕ್ಕ ಹೋಗಿಲ್ಲ ಅಂದಿ?"

"ನೀರ ತರೂದು ದಗದ ಹೆಂಗಾಕ್ಕೈತ್ರಿ?"

ಆಕೆ ತಮಾಷೆ ಮಾಡುತ್ತಿರಲಿಲ್ಲ. ದಗದವೆಂದರೆ ಹೊಲದ ಕೂಲಿ. ನೀರು ಹೊರುವುದು, ರೊಟ್ಟಿ ಬಡಿಯುವುದು, ಸಗಣಿ ಬಳಿಯುವುದು, ಇವೆಲ್ಲ ಮನೆಯಲ್ಲಿ ಇರುವುದು. ಇಷ್ಟು ಮನೆಗಳಲ್ಲಿ ನಾನು ಕೇಳಿದ್ದೂ ಹೊಲದ ಕೂಲಿಯನ್ನೇ, ಅವರು ಹೇಳಿದ್ದೂ ಅದನ್ನೇ.

ಸಿಟ್ಟು ನೆತ್ತಿಗೇರಿತು. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಯ ಮುಂದೆ ಹೋಗಿ ನಿಂತೆ. ಮುದುಕಿ ಮೊರದಿಂದ ಕಣ್ಣೆತ್ತದೆ ನನ್ನ ಮಾತೆಲ್ಲ ಕೇಳಿದಳು.

"ಹಿರೀ ಸೊಸೀಗೆ ಗೇಣುದ್ದ ಹೊಟ್ಟಿ ಕೊಯ್ದಿದ್ರು. ಆಕಿನ್ನ ನಾ ಏಳಗೊಡಲಿಲ್ರಿ, ನೀರ ನಾನ ತಂದೆ. ಇಕೀದು ಗುಳ್ಳಿ ಒಡದಂಗ ಐತಿ. ಸಂಜೀಕ ಮನೀಗೆ ಕಳಿಸಿದಾವ್ರು ನೀವ. ಮಲಗಸಬೇಕಂತ ನನಗ ಯಾರ ಹೇಳಿದ್ರು?"

ಒಂದೇ ಹೊಲಿಗೆ, ಸಂಜೆಗೆ ಮನೆ ಎಂದು ಊರೂರು ಸಾರಿದವರು ನಾವೇ. ಪಕ್ಕದಲ್ಲಿ ಕೂತು, ಗಾಯ ಸಣ್ಣದಾದರೂ ಒಳಗೆ ಆಪರೇಶನ್ ಆಗಿದ್ದು ಖರೆ, ಭಾರ ಎತ್ತಿದರೆ ಗಾಯ ಕೂಡುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ಖರೇನ ಇರಬೇಕ್ರಿ," ಎಂದಳು. "ಆದ್ರ ಓಣ್ಯಾಗಿನ ಮಂದಿಗೆ ಏನ ತೋರಸಲಿ? ಒಂದ ಹೊಲಿಗಿಗೆ ಸೊಸಿ ಮಲಗ್ಯಾಳ, ಅತ್ತಿ ಕೊಡ ಹೊತ್ತಾಳ ಅಂತ ನಗತಾರ. ದೊಡ್ಡದೊಂದ ಪಟ್ಟಿ ಕಟ್ಟರಿ."

ಗಾಯ ತೊಳೆದು ಔಷಧ ಹಚ್ಚಿ, ಚೀಲದಲ್ಲಿದ್ದ ಪಟ್ಟಿಯನ್ನೆಲ್ಲ ಸೊಸೆಯ ಸೊಂಟಕ್ಕೆ ಸುತ್ತಿದೆ. ಅತ್ತೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ನಿಂತು ನೋಡಿ ಒಪ್ಪಿದಳು. ಆಮೇಲೆ ಕೊಡ ತೆಗೆದುಕೊಂಡು ತಾನೇ ಕೆರೆಗೆ ಹೊರಟಳು.

ನಾನು ಹೋದ ಮನೆಗಳಿಗೆಲ್ಲ ಮತ್ತೆ ಹೋದೆ. ಈ ಸಲ, ಒಲೆಯ ಮುಂದೆ ಯಾವಾಗ ಕೂತಿರಿ, ಕೊಡ ಯಾವಾಗ ಎತ್ತಿದಿರಿ ಎಂದು ಕೇಳಿದೆ. ಹೆಚ್ಚಿನವರು ಮರುದಿನವೇ ಅಂದರು. ಹುಬ್ಬಳ್ಳಿಗೆ ಮರಳಿ, ಇನ್ನು ಎಲ್ಲರಿಗೂ ಅಗಲದ ಪಟ್ಟಿ ಕಟ್ಟುತ್ತೇನೆ ಎಂದಾಗ ಗುರುಗಳು ನಕ್ಕರು: "ಮಂದಿ ಗಾಯ ಸಣ್ಣದು ಮಾಡಾಕತ್ತಾರ, ನೀ ಪಟ್ಟಿ ದೊಡ್ಡದು ಮಾಡಾಕತ್ತಿ." ನಗಲಿ. ಕೇಳಿದ್ದನ್ನೇ ಬರೆಯುತ್ತೇನೆ, ಇಲ್ಲವಾದರೆ ಪ್ರಬಂಧವೇ ಬೇಡ ಎಂದು ಪಟ್ಟು ಹಿಡಿದೆ. ಮುಂದಿನ ಆಪರೇಶನ್ ಶಿಬಿರದಲ್ಲಿ ನನ್ನ ಟೇಬಲ್ಲಿನಿಂದ ಇಳಿದ ಪ್ರತಿ ಹೆಂಗಸೂ ಅಗಲವಾದ ಪಟ್ಟಿ ಕಟ್ಟಿಸಿಕೊಂಡೇ ಹೋದಳು. ಬಟ್ಟೆ ಸಾಲುವುದಿಲ್ಲವೆಂದು ನರ್ಸುಗಳು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವು ವಾರಗಳ ನಂತರ ಆ ಕಿರಿಯ ಸೊಸೆ ಅತ್ತೆಯ ಜೊತೆ ನವಲಗುಂದದ ಆಸ್ಪತ್ರೆಗೆ ಬಂದಳು. ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತಳು. ಪಟ್ಟಿ ಬಿಚ್ಚಿ ನೋಡಿದರೆ ಗಾಯ ಸ್ವಚ್ಛವಾಗಿ ಮಾಯ್ದಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಬಟ್ಟೆಯನ್ನು ಬುಟ್ಟಿಗೆ ಹಾಕಹೋದಾಗ ಆಕೆ ನನ್ನ ಮುಂಗೈ ಹಿಡಿದಳು.

"ಮಾಯ್ದೈತಿ ಅಂತ ನನಗೂ ಗೊತ್ತೈತ್ರಿ ಬಾಯಾರ. ಇನ್ನೊಂದೀಟ ದಿನ ಇರಲಿ. ಗಂಡನ ಮನ್ಯಾಗ ಹಗಲಿನ್ಯಾಗ ನೆಲಕ್ಕ ಬೆನ್ನ ಹಚ್ಚಿದ್ದು ಇದ ಮೊದಲರಿ."

ನಾನು ಹೊಸ ಪಟ್ಟಿ ತಂದು ಮೊದಲಿಗಿಂತ ಅಗಲವಾಗಿ ಸುತ್ತಿದೆ. ಹೊರಗೆ ಬಂದಾಗ ಅತ್ತೆ ಎದ್ದು ನಿಂತಳು.

"ಇನ್ನೂ ಮಾಯ್ದಿಲ್ಲೇನ್ರಿ?"

"ಇಲ್ರಿ ಅವ್ವಾರ," ಎಂದೆ. "ಇನ್ನೂ ಕೊಡ ಮುಟ್ಟಬಾರದು."