ಅಪ್ಪಣೆ ಕೊಡಬೇಕಾದ ಅಮಲ್ದಾರರು

ಅಮಲ್ದಾರ್ ಸುಬ್ಬಕೃಷ್ಣಯ್ಯನವರು ಮಾತಾಡಲು ಶುರುಮಾಡಿದರೆ ನಾನೂ ನಮ್ಮತ್ತೆಯೂ ಕೈಬಳೆ ಸದ್ದಾಗದಂತೆ ಹಿಡಿದುಕೊಳ್ಳುತ್ತಿದ್ದೆವು. ಅಷ್ಟು ಮೆತ್ತನೆಯ ದನಿ. ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಗೆ ಎದುರುಮನೆ ನಮ್ಮದು. ಹೆಂಡತಿಯನ್ನು ಕಳೆದುಕೊಂಡಿದ್ದ ಅವರು ಸಂಜೆ ನಮ್ಮ ಜಗಲಿಗೆ ಬಂದು ಮಜ್ಜಿಗೆ ಕುಡಿದು, ಲೋಟವನ್ನು ತಾವೇ ತೊಳೆದು ಬೋರಲು ಹಾಕುವರು. ಕರಿಕೋಟಿನ ಒಂದು ಗುಂಡಿಗೆ ಮಾತ್ರ ಬಿಳಿ ದಾರ, ಅವರೇ ಹೊಲಿದುಕೊಂಡದ್ದಿರಬೇಕು.

ರಾಜ್ಯಗಳ ಗಡಿ ಬದಲಾಗುತ್ತಿದ್ದ ಕಾಲ. ನಮ್ಮ ಕಡೆಯ ಹಳ್ಳಿಗಳು ಗಡಿಯಾಚೆಯ ರಾಜ್ಯದ ಪಾಲಾಗುತ್ತವಂತೆ ಎಂಬ ಸುದ್ದಿ ಹಬ್ಬಿ, ಬೇಗೂರಿನಿಂದೆಲ್ಲ ಜನ ಬಂದು ಊಟಿ ರಸ್ತೆಯಲ್ಲಿ ಕೂತರು. ನನ್ನ ಮೈದುನ ಮಾದೇವ ಮುಂದಿನ ಸಾಲಿನಲ್ಲೇ ಇದ್ದ. ಒಂದು ಬಸ್ಸಿಗೆ ಕಲ್ಲು ಬಿತ್ತು. ಮರುದಿನ ಮಿಲಿಟರಿ ಲಾರಿಗಳು ಬಂದವು. ಸ್ಕೂಲಿನ ಬೇಲಿಯ ಮೇಲೆ ಸಿಪಾಯಿಗಳ ಅಂಗಿಗಳು ಸಾಲಾಗಿ ಒಣಗುತ್ತಿದ್ದವು.

ದಂಡಿಗೆಲ್ಲ ರಾಷ್ಟ್ರಪತಿಗಳೇ ಯಜಮಾನರಂತಲ್ಲ, ದಿಲ್ಲಿಯಲ್ಲಿ ಕೂತು ಹೊಡೀರಿ ಅಂದುಬಿಟ್ಟರೆ ಏನು ಗತಿ ಎಂದು ನಮ್ಮತ್ತೆ ಕೇಳಿದರು.

“ಯಜಮಾನರೂ ಕಾನೂನಿನ ಹಾಗೇ ನಡೀಬೇಕು ತಾಯಿ,” ಎಂದರು ಅಮಲ್ದಾರರು. “ಗುಂಪು ಚೆದುರಿಸೋಕೆ ದಂಡು ಕೈಹಾಕಬೇಕಾದರೆ ಸ್ಥಳದಲ್ಲಿರೋ ಮ್ಯಾಜಿಸ್ಟ್ರೇಟು ಕಣ್ಣಾರೆ ನೋಡಿ ಅಪ್ಪಣೆ ಕೊಡಬೇಕು. ಇಲ್ಲಿ ಆ ಮ್ಯಾಜಿಸ್ಟ್ರೇಟು ನಾನು.” ಲೋಟ ತೊಳೆಯಲು ಎದ್ದರು.

ಮಾರನೆಯ ದಿನ ದಂಡಿನ ಕ್ಯಾಪ್ಟನ್ ಗುಂಡು ಹಾರಿಸಲು ಅಪ್ಪಣೆ ಕೇಳಿದ. ಮೊದಲು ಜನಕ್ಕೆ ಎದ್ದುಹೋಗಿ ಎಂದು ಹೇಳಬೇಕು, ಹೇಳಿದ್ದು ಅವರ ಕಿವಿಗೆ ಬೀಳಬೇಕು ಎಂದರಂತೆ ಅಮಲ್ದಾರರು. ತಮ್ಮ ದನಿ ಸಾಲದೆಂದು ತೋಟಿಯನ್ನು ಕರೆಸಿದರು. ಅವನು ತಮಟೆ ಬಡಿದು, “ಎಲ್ರೂ ಎದ್ದು ಮನೆಗೋಗ್ಬೇಕಂತೆ, ಇಲ್ದಿದ್ರೆ ಮಿಲ್ಟ್ರಿಯೋರು ಗುಂಡಾರುಸ್ತಾರಂತೆ, ಕೇಳ್ಕಳೀ,” ಎಂದು ಸಾರಿದ. ಅಮಲ್ದಾರರು ಒಂದೊಂದು ಸಾಲಿನ ಮುಂದೂ ನಿಂತು, ಕೇಳಿಸಿತೇ ಎಂದು ವಿಚಾರಿಸಿದರು.

“ನಂಗೆ ಕಿವಿ ಮಂದ ಕಣ್ ಬುದ್ಧಿ, ಇನ್ನೊಂದ್ಸಲ ಬಡುಸಿ,” ಎಂದಳು ಒಬ್ಬ ಮುದುಕಿ. ಇನ್ನೊಂದು ಸಲವೂ ತಮಟೆ ಬಡಿಸಿದರು. ಕ್ಯಾಪ್ಟನ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಊರಿನ ಬೀದಿಗಳಿಗೂ ತಮಟೆ ಕೇಳಿ, ಹೆಂಗಸರು ಓಡಿಬಂದು ತಮ್ಮ ತಮ್ಮವರ ರಟ್ಟೆ ಹಿಡಿದು ಎಳೆದೊಯ್ದರು. ನಮ್ಮತ್ತೆ ಮಾದೇವನನ್ನು ಬೈಯುತ್ತ ಕರೆತಂದರು. ಸಂಜೆಗೆ ರಸ್ತೆ ಖಾಲಿ. ಅಪ್ಪಣೆ ಅಮಲ್ದಾರರ ಬಾಯಿಂದ ಹೊರಡಲೇ ಇಲ್ಲ.

ಮೇಲಿನವರಿಗೆ ಇದು ಹಿಡಿಸಲಿಲ್ಲ. ವಾರ ಕಳೆಯುವುದರೊಳಗೆ ಎತ್ತಂಗಡಿ. ಮತ್ತೆ ರಸ್ತೆಯಲ್ಲಿ ಕೂರುತ್ತೇವೆಂದು ಜನ ಗೊತ್ತುಮಾಡಿದ್ದ ದಿನವೇ ಅವರು ಚಾಮರಾಜನಗರಕ್ಕೆ ಹೋಗಿ ರೈಲು ಹಿಡಿಯಬೇಕಾಗಿತ್ತು. ಹೊಸ ಅಮಲ್ದಾರರು ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ನಮ್ಮ ಜಗಲಿಗೆ ಬಂದವರು ಕೂರಲಿಲ್ಲ.

“ಹುಡುಗನ್ನ ಹೊರಗೆ ಬಿಡಬೇಡಮ್ಮ,” ಎಂದರು ನನಗೆ. “ಮ್ಯಾಜಿಸ್ಟ್ರೇಟು ಕೈಗೆ ಸಿಗದೆ, ಅಪಾಯ ಇದೆ ಅಂತ ಕಂಡರೆ ಆ ಕ್ಯಾಪ್ಟನ್ನೇ ತೀರ್ಮಾನ ಮಾಡಬಹುದು. ಅದೂ ಕಾನೂನೇ.”

ನಾನು ಕೊಡಪಾನ ಹಿಡಿದು ಬಾವಿಗೆ ಹೋಗಿ, ಅಲ್ಲಿದ್ದ ಹೆಂಗಸರಿಗೆಲ್ಲ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

“ಅಮಲ್ದಾರ್ರು ಒಂಟೋದ್ರು ಅಂತ ನಾವು ಊರ್ನೇ ಬುಟ್ಕೊಟ್ಬುಡದ ಅತ್ಗೆ?” ಎಂದು ಮಾದೇವ ಜಗಳಕ್ಕೆ ನಿಂತಿದ್ದ. ಬೀದಿಯಲ್ಲಿ ಬೂಟಿನ ಸದ್ದಾಯಿತು. ನಮ್ಮ ಮನೆಯ ಮುಂದೆ ನಿಂತಿತು. ನಮ್ಮತ್ತೆ ಮಾದೇವನ ಅಂಗಿಯ ತುದಿ ಹಿಡಿದುಕೊಂಡರು.

ಬೂಟುಗಳು ಊಟಿ ರಸ್ತೆಯ ಕಡೆ ನಡೆದವು. ಅಷ್ಟು ಹೊತ್ತಿಗೆ ಸುಬ್ಬಕೃಷ್ಣಯ್ಯನವರ ರೈಲು ಹೊರಟಿರಬೇಕು. ಬೇಗೂರಿನವರು ಬಂದು ರಸ್ತೆಯಲ್ಲಿ ಕೂತಾಗಿತ್ತು. ಅವರಿಗೆ ಎದ್ದುಹೋಗಿ ಎನ್ನುವವರು ಯಾರೂ ಇರಲಿಲ್ಲ.